ಬೆಣ್ಣೆಯಂಥ ಮಾನಿಟರೂ ನನ್ನ ಸ್ಕೂಟರಿನ ಕೀಲಿಕೈಯೂ

ನಮ್ಮ ಮನೆಗೆ ಬಂದವರೆಲ್ಲ ಕೇಳುವ ಮೊದಲ ಪ್ರಶ್ನೆ, "ಇದೇನ್ರಿ, ಸ್ಕೂಟರ್ ಚಾವಿ ಇಲ್ಲಿ ತೂಗ ಹಾಕೀರಿ?" ಎಂಬುದು. ಅವರ ತಪ್ಪಲ್ಲ. ಉಳಿದವರ ಮನೆಗಳಲ್ಲಿ ಕೀಲಿಕೈ ಬಾಗಿಲ ಪಕ್ಕದಲ್ಲಿರುತ್ತದೆ, ಫ್ರಿಜ್ಜಿನ ಮೇಲಿರುತ್ತದೆ, ತೀರಾ ಅವಸರದವರ ಮನೆಗಳಲ್ಲಿ ಸ್ಕೂಟರಿನಲ್ಲೇ ಇರುತ್ತದೆ. ನಮ್ಮಲ್ಲಿ ಅದು ಮಗಳ ಆಟದ ಮಾನಿಟರಿನ ಬಲಗಡೆ, ಗೋಡೆಗೆ ಹೊಡೆದ ಒಂದು ಮೊಳೆಯಲ್ಲಿ ತೂಗುತ್ತಿದೆ. ಯಾಕೆಂದು ಬಂದವರಿಗೆ ಹೇಳಹೊರಟರೆ ಅವರ ಚಹಾ ಆರಿಹೋಗುತ್ತದೆ. ನಿಮಗಾದರೆ ಹೇಳಬಹುದು, ನೀವು ಕುಡಿಯುತ್ತಿರುವುದು ನಿಮ್ಮ ಮನೆಯ ಚಹಾ.

ಮಗಳು ಪಲ್ಲವಿ ಹೈದರಾಬಾದಿನ ಹೊರವಲಯದ ಪಟಾನ್‌ಚೆರುವಿನ ಒಂದು ಔಷಧ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ಮಾತ್ರೆಗಳ ಗುಣಮಟ್ಟ ಪರೀಕ್ಷಿಸುವುದು ಅವಳ ಕೆಲಸ. ವಾರವಿಡೀ ಕಂಪನಿಯ ಬಸ್ಸಿನಲ್ಲಿ ಕುಲುಕಾಡಿ, ಭಾನುವಾರ ಬಂತೆಂದರೆ ಕಂಪ್ಯೂಟರಿನ ಮುಂದೆ ಕುಳಿತು ಕಾರು ಓಡಿಸುತ್ತಾಳೆ. ಪರದೆಯ ಮೇಲಿನ ಕಾರು, ಪರದೆಯ ಮೇಲಿನ ರಸ್ತೆ. ಒಬ್ಬರೂ ಹಾರ್ನ್ ಹೊಡೆಯದ ರಸ್ತೆ ಎಂದರೆ ಹೈದರಾಬಾದಿನವರಿಗೆ ಅದೇ ಸ್ವರ್ಗ.

ಈ ಸುಖಕ್ಕೆ ಹಳೆಯ ಮಾನಿಟರು ಸಾಲದೆಂದು ಅವಳು ಹೊಸದೊಂದನ್ನು ತಂದಳು. ನೂರರವತ್ತೈದು ಹರ್ಟ್ಸಿನದು. ಹಾಗೆಂದರೆ ಪರದೆಯ ಮೇಲಿನ ಚಿತ್ರ ಒಂದು ಸೆಕೆಂಡಿಗೆ ನೂರರವತ್ತೈದು ಸಲ ಹೊಸದಾಗುತ್ತದೆ. ಹಳೆಯದರಲ್ಲಿ ಅರವತ್ತೇ ಸಲ. ಹೆಚ್ಚು ಸಲ ಹೊಸದಾದಷ್ಟೂ ಓಡುವ ವಸ್ತು ಕಲಸಿಕೊಳ್ಳದೆ ಸ್ವಚ್ಛವಾಗಿ ಕಾಣುತ್ತದಂತೆ. ಪೆಟ್ಟಿಗೆ ಬಿಚ್ಚಿದ ದಿನ ನನ್ನ ಹೆಂಡತಿ ಕಸ್ತೂರಿ ಅದರ ಮೂಲೆಗೆ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿದಳು. ಪಲ್ಲವಿ ಕಾರು ಓಡಿಸಿದಳು.

"ಬೆಣ್ಣಿ ಅಂದ್ರ ಬೆಣ್ಣಿ!" ಎಂದು ಕೂಗಿದಳು ಪಲ್ಲವಿ.

"ಹೌದವ್ವಾ, ಬೆಣ್ಣ್ಯಾಗಿಂದ ಕೂದಲ ತಗದಂಗ ಐತಿ," ಎಂದಳು ಕಸ್ತೂರಿ.

ನಾನು ಮೂಗು ತಾಗುವಷ್ಟು ಹತ್ತಿರದಿಂದ ನೋಡಿದೆ. ದೂರದಿಂದ ನೋಡಿದೆ. ಕನ್ನಡಕ ಒರೆಸಿ ನೋಡಿದೆ. ಬಣ್ಣ ಚೆನ್ನಾಗಿತ್ತು, ಪರದೆ ದೊಡ್ಡದಿತ್ತು. ಆದರೆ ಓಡುವ ಕಾರು ಹಳೆಯದರಲ್ಲಿ ಎಷ್ಟು ಕಲಸಿಕೊಳ್ಳುತ್ತಿತ್ತೋ ಇದರಲ್ಲೂ ಅಷ್ಟೇ ಕಲಸಿಕೊಳ್ಳುತ್ತಿತ್ತು.

"ನನಗೇನ ಫರಕ್ ಕಾಣವಲ್ದು," ಎಂದೆ.

ಕಸ್ತೂರಿ ಊದುಬತ್ತಿ ಹಿಡಿದುಕೊಂಡೇ ನನ್ನತ್ತ ತಿರುಗಿದಳು.

ಈ ಮಾತನ್ನು ಬೇರೆ ಯಾರಾದರೂ ಆಡಿದ್ದರೆ ಯಾರೂ ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ನಾನು ಆಡಿದ್ದೆ. ಸನತ್‌ನಗರದ ಒಂದು ಫ್ಯಾನಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ತಿರುಗುವ ಫ್ಯಾನು ನೋಡುವುದನ್ನೇ ಉದ್ಯೋಗ ಮಾಡಿಕೊಂಡಿದ್ದವನು ನಾನು. ನಗಬೇಡಿ. ಫ್ಯಾನು ನೋಡಿ ಸಂಬಳ ತೆಗೆದುಕೊಂಡವರು ಸರ್ಕಾರಿ ಕಚೇರಿಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಅದನ್ನೇ ಮಾಡೆಂದು ನೇಮಕಪತ್ರ ಪಡೆದವನು, ಅಷ್ಟೇ ವ್ಯತ್ಯಾಸ.

ನನ್ನ ಅಸ್ತ್ರ ಒಂದು ಮಿಣುಕು ದೀಪ. ಸ್ಟ್ರೋಬೋಸ್ಕೋಪ್ ಎಂದು ಅದರ ದೊಡ್ಡ ಹೆಸರು, ನಾವೆಲ್ಲ ಸ್ಟ್ರೋಬು ಎನ್ನುತ್ತಿದ್ದೆವು. ಕತ್ತಲು ಮಾಡಿದ ಕೋಣೆಯಲ್ಲಿ ಫ್ಯಾನು ಗಿರ್ರೆಂದು ತಿರುಗುತ್ತಿರುವಾಗ ಈ ದೀಪ ಪಟಪಟನೆ ಮಿನುಗುತ್ತದೆ. ಗುಬುಟು ತಿರುಗಿಸಿ ಮಿಣುಕಿನ ವೇಗವನ್ನು ಫ್ಯಾನಿನ ವೇಗಕ್ಕೆ ಸರಿಹೊಂದಿಸಿದಿರೋ, ಅಲ್ಲೇ ಮಾಯ! ತಿರುಗುವ ಫ್ಯಾನು ನಿಂತೇಬಿಡುತ್ತದೆ. ರೆಕ್ಕೆಯ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಗೆರೆ ಕಣ್ಣೆದುರೇ ಸ್ಥಿರವಾಗುತ್ತದೆ. ಗಾಳಿ ಮಾತ್ರ ಮುಖಕ್ಕೆ ಹೊಡೆಯುತ್ತಲೇ ಇರುತ್ತದೆ. ಮೊದಲ ದಿನ ಇದನ್ನು ಕಂಡು ನನಗೆ ಎಷ್ಟು ಖುಷಿಯಾಯಿತೆಂದರೆ ಊಟದ ಬಿಡುವಿಗೂ ಹೊರಗೆ ಬರಲಿಲ್ಲ.

ಖುಷಿಗೆ ಕಾರಣವೂ ಇತ್ತು. ನಾನು ಹುಟ್ಟಿ ಬೆಳೆದದ್ದು ರಾಯಚೂರಿನಲ್ಲಿ. ಅಲ್ಲಿನ ಬಿಸಿಲಿನ ಬಗ್ಗೆ ಹೇಳಿದರೆ ಉತ್ಪ್ರೇಕ್ಷೆ ಎನ್ನುತ್ತೀರಿ, ಬಿಡಿ. ಮಧ್ಯಾಹ್ನ ಪರಸಿ ಕಲ್ಲಿನ ನೆಲಕ್ಕೆ ನೀರು ಚಿಮುಕಿಸಿ, ಅಂಗಿ ಕಳಚಿ, ಮನೆಗೆಲ್ಲ ಒಂದೇ ಆದ ಫ್ಯಾನಿನ ಕೆಳಗೆ ಅಂಗಾತ ಮಲಗುತ್ತಿದ್ದೆವು. ನಿದ್ದೆ ಯಾರಿಗೆ ಬೇಕಿತ್ತು? ಕಣ್ಣ ಮುಂದೆ ಐದೂ ಬೆರಳು ಅಗಲಿಸಿ ಕೈಯನ್ನು ಜೋರಾಗಿ ಅಲ್ಲಾಡಿಸಿದರೆ ಬೆರಳಿನ ಸಂದಿಯಲ್ಲಿ ಫ್ಯಾನಿನ ರೆಕ್ಕೆ ಒಂದೊಂದಾಗಿ ಕಾಣುತ್ತದೆ. ಇನ್ನೂ ಜೋರಾಗಿ ಅಲ್ಲಾಡಿಸಿದರೆ ರೆಕ್ಕೆಗಳು ಹಿಂದಕ್ಕೆ ತಿರುಗುತ್ತವೆ! ನಮ್ಮವ್ವ ಇದನ್ನು ನೋಡಿ, "ಹುಡುಗಗ ಗಾಳಿ ಬಡದೈತಿ" ಎಂದು ನಿವಾಳಿಸಿದ್ದಳು. ನನಗೆ ಬಡಿದದ್ದು ಗಾಳಿಯೇ, ಅದೂ ಫ್ಯಾನಿನದು, ಎಂದು ಅವಳಿಗೆ ಹೇಗೆ ಹೇಳುವುದು?

ಒಂದು ಜನವರಿಯಲ್ಲಿ ಸೋದರಮಾವ ನನ್ನನ್ನು ರೈಲು ಹತ್ತಿಸಿ ಹೈದರಾಬಾದಿನ ನಾಂಪಲ್ಲಿಯಲ್ಲಿ ವರ್ಷವರ್ಷ ನಡೆಯುವ ವಸ್ತುಪ್ರದರ್ಶನ ನುಮಾಯಿಷ್‌ಗೆ ಕರೆತಂದರು. ಅಲ್ಲಿ ಹಲಗೆಯ ಬಾವಿಯೊಂದರ ಗೋಡೆಯ ಮೇಲೆ ಒಬ್ಬ ಮೋಟಾರ್ ಸೈಕಲ್ ಓಡಿಸುತ್ತಿದ್ದ. ನಾವು ಮೇಲೆ ಅಂಚಿಗೆ ನಿಂತು ಕೆಳಗೆ ಬಗ್ಗಿ ನೋಡಬೇಕು. ಹಲಗೆಗಳು ಗಡಗಡ ನಡುಗುತ್ತಿದ್ದವು. ಎಲ್ಲರೂ ಕಣ್ಣು ಮುಚ್ಚಿ ಕಿರುಚುತ್ತಿದ್ದರೆ ನಾನು ಕತ್ತನ್ನು ಗಾಡಿಯ ಜೊತೆಗೇ ಸುತ್ತಿಸುತ್ತ ಅದರ ನಂಬರ್ ಪ್ಲೇಟು ಓದಿಬಿಟ್ಟೆ. ಮಾವ ನಂಬಲಿಲ್ಲ. ಆಟ ಮುಗಿದ ಮೇಲೆ ಕೆಳಗಿಳಿದು ನೋಡಿದರೆ ನಂಬರು ಸರಿಯಾಗಿತ್ತು. ಮಾವ ಎರಡು ಮಿರ್ಚಿ ಭಜ್ಜಿ ಕೊಡಿಸಿದರು. ನನ್ನ ಕಣ್ಣಿಗೆ ಸಿಕ್ಕ ಮೊದಲ ಬಹುಮಾನ ಅದು. ಕತ್ತು ಮಾತ್ರ ಮೂರು ದಿನ ನೋಯಿತು.

ಅಂಥ ಕಣ್ಣಿನ ಜಂಬ ಮುರಿದವರು ಕಾರ್ಖಾನೆಯ ಫೋರ್‌ಮನ್ ಖಾದರ್ ಸಾಹೇಬರು. ಕೆಲಸಕ್ಕೆ ಸೇರಿದ ವಾರದಲ್ಲಿ ಅವರು ಸ್ಟ್ರೋಬಿನ ಕೋಣೆಯಲ್ಲಿ ಒಂದಾದ ಮೇಲೊಂದು ಫ್ಯಾನು ತೂಗುಹಾಕಿ, ಯಾವುದರ ರೆಕ್ಕೆ ಅಲ್ಲಾಡುತ್ತಿದೆ ಹೇಳು ಎಂದರು. ನಾನು ಪಟಪಟನೆ ಹೇಳುತ್ತ ಹೋದೆ. ಆರನೆಯದು ಸರಿಯಿದೆ ಎಂದೆ. ಏಳನೆಯದರ ಒಂದು ರೆಕ್ಕೆ ಕೂದಲೆಳೆಯಷ್ಟು ಕೆಳಗಿದೆ ಎಂದೆ. ಸಾಹೇಬರು ದೀಪ ಹಾಕಿದರು. ಆರನೆಯದೂ ಏಳನೆಯದೂ ಒಂದೇ ಫ್ಯಾನು! ಬಿಚ್ಚಿದಂತೆ ಸದ್ದು ಮಾಡಿ ಅದನ್ನೇ ಬಿಟ್ಟಿದ್ದರು. ಜಾಣ ಎನಿಸಿಕೊಳ್ಳುವ ಆಸೆಗೆ ಇಲ್ಲದ ದೋಷವನ್ನು ನನ್ನ ಬಾಯಿ ಹುಟ್ಟಿಸಿತ್ತು.

"ದೇಖ್ ಬೇಟಾ," ಎಂದರು ಸಾಹೇಬರು, ಬಯ್ಯದೆ. "ದಿಖ್ಯಾ ತೋ ದಿಖ್ಯಾ ಬೋಲ್. ನೈ ದಿಖ್ಯಾ ತೋ ನೈ ದಿಖ್ಯಾ ಬೋಲ್. ಬೀಚ್ ಮೇ ಶಾಯರಿ ನಕ್ಕೋ."

ಕಂಡರೆ ಕಂಡಿತೆನ್ನು, ಕಾಣದಿದ್ದರೆ ಕಾಣಲಿಲ್ಲವೆನ್ನು, ನಡುವೆ ಕವಿತೆ ಬೇಡ. ನಿವೃತ್ತಿಯ ದಿನ ಹಾರ ಹಾಕಿದಾಗಲೂ ನಾನು ಭಾಷಣದಲ್ಲಿ ಹೇಳಿದ್ದು ಇದೊಂದೇ ಮಾತು.

ಹೀಗಾಗಿ ನನಗೆ ಫರಕ್ ಕಾಣಲಿಲ್ಲ ಎಂದಾಗ ಮನೆಯವರು ಮಾನಿಟರಿನ ಮೇಲೆ ಅನುಮಾನ ಪಡಲಿಲ್ಲ, ನನ್ನ ಕಣ್ಣಿನ ಮೇಲೆ ಪಟ್ಟರು. ಕಸ್ತೂರಿ, "ಕುಣೀಲಾರದಾಕಿ ಅಂಗಳ ಡೊಂಕ ಅಂದ್ಳಂತ," ಎಂದು ಮೊದಲು ನಕ್ಕಳು. ಮೂರನೆಯ ದಿನಕ್ಕೆ ನಗು ನಿಂತಿತು. ನಾಲ್ಕನೆಯ ದಿನ ಕಣ್ಣಿನ ಡಾಕ್ಟರರ ಮುಂದೆ ಕೂತಿದ್ದೆ. ಕಸ್ತೂರಿ ಹೊರಗೆ ಫೈಲು ಹಿಡಿದು ಕಾಯುತ್ತಿದ್ದಳು. ಡಾಕ್ಟರರು ಕಣ್ಣಿಗೆ ಬೆಳಕು ಬಿಟ್ಟು, ಪೊರೆ ಶುರುವಾಗಿದೆ, ಅವಸರವೇನಿಲ್ಲ, ಆರು ತಿಂಗಳು ಬಿಟ್ಟು ಬನ್ನಿ ಎಂದರು. ಇನ್ನೂ ಒಂದು ಪ್ರಶ್ನೆ ಕೇಳಿದರು. ಅದಕ್ಕೆ ನಾನು ಕೊಟ್ಟ ಉತ್ತರದ ವಿಷಯ ಆಮೇಲೆ ಹೇಳುತ್ತೇನೆ. ಈಗ ಹೇಳಲು ಧೈರ್ಯ ಸಾಲದು.

ಪೊರೆ ಎಂಬ ಪದ ಕಿವಿಗೆ ಬಿದ್ದದ್ದೇ ತಡ, ಕಸ್ತೂರಿ ನನ್ನ ಸ್ಕೂಟರಿನ ಕೀಲಿಕೈಯನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟಳು.

ಸ್ಕೂಟರು ಹೋದ ಮೇಲೆ ನನ್ನಲ್ಲಿ ಉಳಿದದ್ದೇನು ಎಂದು ಕೇಳಿ. ಬೆಳಿಗ್ಗೆ ಎರ್ರಗಡ್ಡದ ರೈತು ಬಜಾರಿಗೆ ಹೋಗಿ ಮೆಂತ್ಯೆ ಪಲ್ಲೆ ಆರಿಸುವುದು, ಹಳೆಯ ಕಾರ್ಖಾನೆಯ ಗೇಟಿನ ಎದುರು ಇರಾನಿ ಚಹಾ ಕುಡಿಯುವುದು, ಮನಸ್ಸು ಬಂದತ್ತ ತಿರುಗುವುದು ಎಲ್ಲವೂ ಆ ಕೀಲಿಕೈಯಲ್ಲೇ ಇತ್ತು. ಈಗ ಪಲ್ಲೆ ತರಲೂ ಆಟೋದವನ ಕೃಪೆ ಬೇಕು. ಮೂರು ವಾರ ತಡೆದೆ. ನಾಲ್ಕನೆಯ ಭಾನುವಾರ ಪಲ್ಲವಿ ಕಾರು ಓಡಿಸುತ್ತಿದ್ದಾಗ ಅವಳ ಕುರ್ಚಿಯ ಹಿಂದೆ ನಿಂತು, ಖಾದರ್ ಸಾಹೇಬರನ್ನು ಮನಸ್ಸಿನಲ್ಲೇ ಕ್ಷಮೆ ಕೇಳಿ, ಬಾಯಿ ಬಿಟ್ಟೆ.

"ಅಬ್ಬಬ್ಬಾ! ಈಗ ನೋಡವ್ವಾ ಕಾಣಾಕತ್ತೈತಿ! ಏನ್ ಸಾಫ್ ಐತಿ! ಮುಂದಿನ ಕಾರಿನ ನಂಬರ್ ಸೈತ ಓದಾಕ ಬರ್ತೈತಿ!"

ಪಲ್ಲವಿ ಆಟ ನಿಲ್ಲಿಸಿ ನನ್ನ ಕೈ ಹಿಡಿದುಕೊಂಡಳು. "ಖರೇನ ಕಾಣಾಕತ್ತೈತೇನ್ರಿ ಅಪ್ಪಾ? ನನಗ ಎಷ್ಟ ಹೆದರಿಕಿ ಆಗಿತ್ತು ಗೊತ್ತೇನ್ರಿ?" ಎಂದವಳ ಕಣ್ಣಲ್ಲಿ ನೀರು. ಕಸ್ತೂರಿ ಒಳಗೆ ಹೋಗಿ ಹಿಟ್ಟು ಝಾಡಿಸಿ ಕೀಲಿಕೈ ತಂದುಕೊಟ್ಟಳು. ನಾನು ಗೆದ್ದಿದ್ದೆ. ಆ ಮಧ್ಯಾಹ್ನ ಸ್ಕೂಟರು ಹತ್ತಿ ಹೋಗಿ ಕುಡಿದ ಇರಾನಿ ಚಹಾ ಮಾತ್ರ ಯಾಕೋ ರುಚಿಸಲಿಲ್ಲ. ಮಗಳ ಒದ್ದೆ ಕಣ್ಣು ನೆನಪಾಗಿ ಅರ್ಧ ಕಪ್ಪು ಬಿಟ್ಟು ಎದ್ದೆ.

ಸುಳ್ಳಿನ ಆಯುಷ್ಯ ನಾಲ್ಕು ದಿನ. ಗುರುವಾರ ಪಲ್ಲವಿಗೆ ರಜೆಯಿತ್ತು. ಅಪ್ಪನಿಗೆ ಕನ್ನಡ ಪೇಪರು ಓದಲು ಅನುಕೂಲವಾಗಲಿ, ಅಕ್ಷರ ದೊಡ್ಡದು ಮಾಡಿಕೊಡೋಣ ಎಂದು ಪಾಪ ನನಗಾಗಿಯೇ ಕಂಪ್ಯೂಟರಿನ ಸೆಟ್ಟಿಂಗ್ಸ್ ತೆರೆದಳು. ಕೆಳಗೆ ಇಳಿಯುತ್ತ ಇಳಿಯುತ್ತ ಒಂದು ಕಡೆ ನಿಂತಳು. ಅಲ್ಲಿ ಹರ್ಟ್ಸಿನ ಲೆಕ್ಕ ಬರೆದಿತ್ತು. ಅರವತ್ತು!

ಮಾನಿಟರಿಗೆ ನೂರರವತ್ತೈದರ ಶಕ್ತಿ ಇತ್ತು. ಆದರೆ ಅಷ್ಟು ಓಡು ಎಂದು ಕಂಪ್ಯೂಟರಿಗೆ ಯಾರೂ ಹೇಳಿರಲಿಲ್ಲ. ಹೇಳದಿದ್ದರೆ ಅದು ಹಳೆಯ ಅರವತ್ತರಲ್ಲೇ ಓಡುತ್ತದಂತೆ. ಮನೆಮಂದಿಯೆಲ್ಲ ಕುಂಕುಮ ಹಚ್ಚಿದ್ದೆವು, ಗುಂಡಿ ಒತ್ತಿರಲಿಲ್ಲ! ಒಂದು ತಿಂಗಳು ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದಿದ್ದೆವು.

ನಾನು ಕುಣಿದಾಡಿದೆ. "ನಾ ಹೇಳಿರಲಿಲ್ಲೇನು? ಮೊದಲ ದಿನಾನ ಹೇಳಿದ್ದೆ, ಫರಕ್ ಇಲ್ಲಂತ! ನನ್ನ ಕಣ್ಣ ಖರೇ ಇತ್ತು!"

ಅಡುಗೆಮನೆಯಿಂದ ಕಸ್ತೂರಿ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಬಂದು ನಿಂತಳು. "ಹಂಗಾದ್ರ ಭಾನುವಾರ ಮುಂದಿನ ಕಾರಿನ ನಂಬರ್ ಓದಿದವ್ರು ಯಾರ್ರಿ?"

ನನ್ನ ಕುಣಿತ ಅಲ್ಲೇ ನಿಂತಿತು. ಸ್ಟ್ರೋಬಿನ ಕೆಳಗೆ ಫ್ಯಾನು ನಿಂತಂತೆ. ಕಸ್ತೂರಿ ಹಿಟ್ಟಿನ ಬೆರಳುಗಳನ್ನು ಮುಂದೆ ಚಾಚಿದಳು, ನಾನು ಕೀಲಿಕೈಯನ್ನು ಅವುಗಳ ಮೇಲಿಟ್ಟೆ. ನಿಜ ಹೇಳಿದಾಗ ಹೋಗಿದ್ದು, ಸುಳ್ಳು ಹೇಳಿದಾಗ ಬಂದು, ನಿಜ ಹೊರಬಿದ್ದಾಗ ಮತ್ತೆ ಹೋಯಿತು. ಇಂಥ ನ್ಯಾಯ ಯಾವ ಕಚೇರಿಯಲ್ಲೂ ಸಿಗಲಾರದು.

ಅಷ್ಟರಲ್ಲಿ ಪಲ್ಲವಿ ನೂರರವತ್ತೈದನ್ನು ಆರಿಸಿದಳು. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬೆಳಗಿತು. ಮೌಸಿನ ಬಾಣವನ್ನು ಅವಳು ಸುಮ್ಮನೆ ಆಚೀಚೆ ಸರಿಸಿದಳು. ನನ್ನ ಮೈ ಜುಂ ಎಂದಿತು! ಏನೆಂದು ಹೇಳಲಿ? ಇದುವರೆಗೆ ಕುಪ್ಪಳಿಸಿ ಕುಪ್ಪಳಿಸಿ ಹೋಗುತ್ತಿದ್ದ ಬಾಣ ಈಗ ಜಾರುತ್ತಿತ್ತು. ನಾನು ಅವಳ ಕೈಯಿಂದ ಮೌಸು ಕಸಿದುಕೊಂಡು ಕನ್ನಡ ಪೇಪರಿನ ಪುಟವನ್ನು ಸರ್ರನೆ ಮೇಲೆ ಕೆಳಗೆ ಓಡಿಸಿದೆ. ಓಡುತ್ತಿರುವಾಗಲೇ ತಲೆಬರಹ ಓದಲು ಬರುತ್ತಿತ್ತು! ಕೊಂಬು, ಒತ್ತು, ವಟ್ರಸುಳಿ ಎಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತೇ ಓಡುತ್ತಿದ್ದವು. ಒಂದು ತಿಂಗಳಿಂದ ಸಾಸಿವೆಯಂತೆ ಚೆಲ್ಲಾಡುತ್ತಿದ್ದ ಅಕ್ಷರಗಳು ಇವೇ ಏನು?

ಯಾಕೆ ಹೀಗೆಂದು ಪಲ್ಲವಿ ವಿವರಿಸಿದಾಗ ನನಗೆ ನುಮಾಯಿಷ್‌ನ ಬಾವಿ ನೆನಪಾಯಿತು. ಓಡುವ ವಸ್ತುವಿನ ಜೊತೆ ನಮ್ಮ ಕಣ್ಣೂ ಓಡುತ್ತದೆ. ಆದರೆ ಪರದೆಯ ಚಿತ್ರ ಓಡುವುದಿಲ್ಲ, ಒಂದೊಂದು ಕಡೆ ಚೂರು ಹೊತ್ತು ನಿಂತು ಮುಂದಿನ ಜಾಗಕ್ಕೆ ಹಾರುತ್ತದೆ. ನಿಂತ ಚಿತ್ರವನ್ನು ಓಡುವ ಕಣ್ಣು, ಬಳಪದಲ್ಲಿ ಬರೆದ ಹಸಿ ಪಾಟಿಯನ್ನು ಅಂಗೈಯಿಂದ ಒರೆಸಿದ ಹಾಗೆ, ಒರೆಸಿಬಿಡುತ್ತದೆ. ನಿಲ್ಲುವ ಹೊತ್ತು ಕಡಿಮೆಯಾದಷ್ಟೂ ಒರೆಸುವುದು ಕಡಿಮೆ. ಬಾವಿಯ ಮೋಟಾರ್ ಸೈಕಲ್ ಎಲ್ಲೂ ನಿಲ್ಲದೆ ನನ್ನ ಕತ್ತಿನ ಜೊತೆಗೇ ಬಂದಿತ್ತು, ಅದಕ್ಕೇ ನಂಬರು ಸ್ಪಷ್ಟವಾಗಿತ್ತು. ಈ ಮಾನಿಟರಿನಲ್ಲಿ ಚಿತ್ರ ಚಿತ್ರದ ನಡುವೆ ಬೆಳಕನ್ನೇ ಆರಿಸಿ ಹೊತ್ತಿಸುವ ಇನ್ನೊಂದು ಗುಂಡಿಯೂ ಇದೆಯಂತೆ. ಖಾದರ್ ಸಾಹೇಬರ ಮಿಣುಕು ದೀಪ! ಅದು ನಮ್ಮ ಮನೆಗೆ ಬಂದು ಒಂದು ತಿಂಗಳಾಗಿತ್ತು, ನಾನು ಗುರುತೇ ಹಿಡಿದಿರಲಿಲ್ಲ.

"ಕಾಣಾಕತ್ತೈತಿ! ಈ ಸಲ ಖರೇನ ಕಾಣಾಕತ್ತೈತಿ!" ಎಂದು ಕೂಗಿದೆ.

"ಹೋದ ಸಲಾನೂ ಹಿಂಗ ಅಂದಿದ್ರಿ," ಎಂದಳು ಕಸ್ತೂರಿ.

ಎದೆಗೆ ಚುಚ್ಚಿತು. ಸ್ಕೂಟರು ಹಾಳಾಗಲಿ, ನನ್ನ ಕಣ್ಣಿನ ಮಾತಿಗೆ ನನ್ನ ಮನೆಯಲ್ಲೇ ಬೆಲೆ ಇಲ್ಲದಂತಾಯಿತಲ್ಲ! ಆಗ ಪಲ್ಲವಿ ತನ್ನ ಪ್ರಯೋಗಾಲಯದ ಪದ್ಧತಿ ತೆಗೆದಳು. ಯಾವ ಮಾತ್ರೆ ಯಾವುದೆಂದು ಹೇಳದೆಯೇ ಪರೀಕ್ಷೆಗೆ ಕೊಡುತ್ತಾರಂತೆ. "ಅಪ್ಪಾ, ಗ್ವಾಡಿ ಕಡೆ ಮಕಾ ಮಾಡಿ ಕುಂದರ್ರಿ. ನಾ ಬದಲಿ ಮಾಡ್ತೀನಿ. ತಿರುಗಿ ನೋಡಿ ಅರವತ್ತೋ ನೂರಾ ಅರವತ್ತೈದೋ ಹೇಳ್ರಿ. ಹತ್ತು ಸಲ. ಒಂದು ತಪ್ಪಿದ್ರೂ ಚಾವಿ ಡಬ್ಬ್ಯಾಗ." ಕಸ್ತೂರಿ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಪೆನ್ನು ಹಿಡಿದು ಕೂತಳು.

ಗೋಡೆ ನೋಡುತ್ತ ಕೂತೆ. ಹಿಂದೆ ಟಕ್ ಟಕ್ ಎಂದು ಮೌಸಿನ ಸದ್ದು. ತಿರುಗಿ ಪೇಪರಿನ ಪುಟ ಓಡಿಸಿದೆ. "ನೂರಾ ಅರವತ್ತೈದು." ಮತ್ತೆ ಗೋಡೆ, ಮತ್ತೆ ಟಕ್ ಟಕ್. "ಅರವತ್ತು." ಆರು ಸಲ ಹೀಗೇ ನಡೆಯಿತು. ಅಂಗೈ ಬೆವರಿ ಮೌಸು ಜಾರುತ್ತಿತ್ತು. ಏಳನೆಯದು ಅರವತ್ತು ಎಂದೆ. ಎಂಟನೆಯದಕ್ಕೆ ಅವಳು ಇನ್ನೂ ಜೋರಾಗಿ ಕುಟ್ಟಿದಳು. ನೋಡಿದೆ: ಅಕ್ಷರಗಳು ಕಲಸಿಕೊಂಡಿದ್ದವು. "ಅರವತ್ತು." ಒಂಬತ್ತನೆಯದಕ್ಕೆ ಕುರ್ಚಿಯನ್ನೂ ಕಿರ್ರೆನ್ನಿಸಿದಳು. ಈಗ ಮೂರನೆಯ ಸಲವೂ ಅರವತ್ತೇ ಇರುತ್ತದೆಯೇ, ಬದಲಿಸದೆ ಬಿಟ್ಟಾಳೆಯೇ ಎಂದು ಮನಸ್ಸು ಹೇಳಿತು. ಕಣ್ಣು ಬೇರೆಯೇ ಹೇಳುತ್ತಿತ್ತು. ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ಕತ್ತಲೆಯ ಕೋಣೆಯಲ್ಲಿ ಏಳನೆಯ ಫ್ಯಾನಿನ ಮುಂದೆ ನಿಂತಿದ್ದ. ಈ ಸಲ ಅವನ ಬಾಯಿಗೆ ಬೀಗ ಹಾಕಿದೆ.

"ಅರವತ್ತು," ಎಂದೆ. "ನೀ ಏನೂ ಬದಲಿ ಮಾಡಿಲ್ಲ. ಸುಮ್ಮನ ಟಕಟಕ ಮಾಡಾಕತ್ತಿ."

ಪಲ್ಲವಿ ಕುರ್ಚಿಯಿಂದ ಹಾರಿ ಎದ್ದಳು. "ಅವ್ವಾ, ಹೌದು! ಮೂರೂ ಸಲ ಅರವತ್ತ ಇತ್ತು!" ಹತ್ತನೆಯದೂ ಸರಿಯಾಯಿತು. ಹತ್ತಕ್ಕೆ ಹತ್ತು! ಕಸ್ತೂರಿ ತಾನೂ ಒಂದು ಕೈ ನೋಡುತ್ತೇನೆಂದು ಕೂತು ಮೌಸು ಆಡಿಸಿದಳು. ಎರಡೂ ಥರ ನೋಡಿ ಕಣ್ಣರಳಿಸಿ, "ಅಯ್ಯ, ಬೆಣ್ಣಿ ಇದು! ಹಂಗಾದ್ರ ಇಷ್ಟ ದಿನ ನಾವು ತಿಂದದ್ದು ಏನು?" ಎಂದಳು. ಮಗಳ ಸಂಭ್ರಮ ಕೆಡಬಾರದೆಂದು ತಾನು ಅವತ್ತು ಹಾಗೆ ಅಂದದ್ದೆಂದು ಒಪ್ಪಿಕೊಂಡಳು. ಪಲ್ಲವಿಯೂ ತಲೆ ಕೆರೆದುಕೊಂಡಳು. ಹೊಸ ಪೆಟ್ಟಿಗೆಯ ಖುಷಿಗೆ ಅವಳ ಕಣ್ಣೂ ಕವಿತೆ ಹಾಡಿತ್ತು.

ಕಸ್ತೂರಿ ಕೀಲಿಕೈಯನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟಳು. "ಹೋಗಿ ಬರ್ರಿ. ಬರೋವಾಗ ಕೊತ್ತಂಬರಿ ತರ್ರಿ."

ಬಾಗಿಲ ತನಕ ಹೋದೆ. ಚಪ್ಪಲಿ ಹಾಕಿಕೊಂಡೆ. ಹತ್ತಕ್ಕೆ ಹತ್ತು ತೆಗೆದುಕೊಂಡವನು ಸಿಳ್ಳೆ ಹೊಡೆಯುತ್ತ ಮೆಟ್ಟಿಲಿಳಿಯಬೇಕಿತ್ತು. ಆದರೆ ಸಾಹೇಬರ ಮಾತಿನ ಎರಡನೆಯ ಭಾಗ ಹಿಂದಿನಿಂದ ಅಂಗಿ ಹಿಡಿದು ಜಗ್ಗಿತು. ಕಂಡದ್ದನ್ನು ಕಂಡಿತೆಂದು ಹೇಳಿ ಗೆದ್ದಿದ್ದೆ. ಕಾಣದ್ದರ ಮಾತು?

ಚಪ್ಪಲಿ ಬಿಟ್ಟು ಒಳಗೆ ಬಂದೆ. "ಕಸ್ತೂರಿ, ಒಂದ ಮಾತು. ಸಂಜಿ ಮುಂದ ಎದುರಿಂದ ಬರೋ ಗಾಡಿ ಲೈಟು ಒಡದು ಕಾಣ್ತಾವ, ಸೇವಂತಿಗಿ ಅರಳಿದಂಗ. ಎರ್ರಗಡ್ಡದಾಗ ಒಂದ ಸಲ ಬಸ್ಸು ಭಾಳ ಹತ್ರ ಬರೋತನಕ ಬಸ್ ಅಂತ ಗೊತ್ತಾಗಲಿಲ್ಲ. ಡಾಕ್ಟರ್ ಇದನ್ನ ಕೇಳಿದ್ರು. ನಾ ಇಲ್ಲ ಅಂದೆ."

ಬೈಗುಳಕ್ಕೆ ಕಾದೆ. ಕಸ್ತೂರಿ ಒಳಗಿನಿಂದ ಒಂದು ಮೊಳೆ ತಂದು, ಮಸಾಲೆ ಕುಟ್ಟುವ ಕಲಬತ್ತಿನ ಗುಂಡಿನಿಂದ ಮಾನಿಟರಿನ ಪಕ್ಕ ತಾನೇ ಹೊಡೆದಳು. "ಡಬ್ಬ್ಯಾಗ ಬ್ಯಾಡ. ಇಲ್ಲೇ ಇರ್ಲಿ, ಎಲ್ಲಾರ ಕಣ್ಣೆದುರಿಗೆ. ಹಗಲು ನಿಮ್ದು, ಹೊತ್ತು ಮುಳುಗಿದ ಮ್ಯಾಲ ಪಲ್ಲವೀದು. ಡಾಕ್ಟರ್ ಕಡೆ ನಾಳೆ ಹೋಗೂಣು, ಈ ಸಲ ನಾನೂ ಒಳಗ ಬರ್ತೀನಿ." ಮೊಳೆ ಗಟ್ಟಿಯಾಗಿ ಕೂತಿದ್ದರೂ ಅವಳು ಇನ್ನೆರಡು ಏಟು ಹೊಡೆದಳು. ಮೂವತ್ನಾಲ್ಕು ವರ್ಷದ ಸಂಸಾರದಲ್ಲಿ ಅವಳು ಹೆದರಿದ್ದು ನನಗೆ ಕಂಡದ್ದು ಅಪರೂಪ.

ಆ ಸಂಜೆ ಕೊತ್ತಂಬರಿ ತರಲು ಹೊರಟದ್ದು ಪಲ್ಲವಿ. ಹಿಂದಿನ ಸೀಟಿನಲ್ಲಿ ನಾನು. ಸ್ಕೂಟರಿನ ಹಿಂದೆ ಕೂತು ಆ ರಸ್ತೆಯನ್ನು ನಾನು ನೋಡೇ ಇರಲಿಲ್ಲ. ಎಂಥ ಮಜ! ಅಂಗಡಿಗಳು, ಹಣ್ಣಿನ ಬಂಡಿಗಳು, ನನ್ನ ಹಳೆಯ ಕಾರ್ಖಾನೆಯ ಕಾಂಪೌಂಡು ಎಲ್ಲ ಒಂದಿಷ್ಟೂ ಕುಪ್ಪಳಿಸದೆ ಸರಾಗವಾಗಿ ಹಿಂದೆ ಜಾರುತ್ತಿದ್ದವು. ಎದುರಿನ ದೀಪಗಳು ಸಾಲು ಸಾಲಾಗಿ ಸೇವಂತಿಗೆ ಅರಳಿಸಿದವು. ಮಗಳು ಕತ್ತು ಚೂರು ಹಿಂದಕ್ಕೆ ಹೊರಳಿಸಿ ಕೂಗಿ ಕೇಳಿದಳು:

"ಅಪ್ಪಾ, ಮುಂದಿನ ಬಸ್ಸಿನ ನಂಬರ್ ಎಷ್ಟ್ರಿ?"

"ಕಾಣವಲ್ದವ್ವಾ!" ಎಂದು ನಾನೂ ಕೂಗಿದೆ, ಭಾಳ ಖುಷಿಯಿಂದ.